ಯೆಜ್ಡಿ ಎಂಜಿನ್ ಒಡೆದದ್ದು, ಮತ್ತೆ ಕಟ್ಟಿದ್ದು

ಏಪ್ರಿಲ್ ತಿಂಗಳ ಹುಣ್ಣಿಮೆ. ನಾನು ಮತ್ತು ನನ್ನ ಹೆಂಡತಿ ಕೊಪ್ಪಳದಿಂದ ಹುಲಿಗಿಗೆ ಹೊರಟಿದ್ದೆವು, ಹುಲಿಗೆಮ್ಮನ ದರ್ಶನಕ್ಕೆ. ಬೆಳಿಗ್ಗೆ ಹತ್ತು ಗಂಟೆಗೇ ರಸ್ತೆ ಕಾದ ಹಂಚಿನ ಹಾಗಿತ್ತು. ಗಿಣಿಗೇರಾ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಎಂಜಿನ್ ಸದ್ದು ಒಮ್ಮೆಲೇ ಮಂಕಾಯಿತು. ಯಾರೋ ಹಿಂದಿನಿಂದ ಜಗ್ಗಿ ಹಿಡಿದ ಹಾಗಾಯಿತು. ಹಿಂದಿನ ಚಕ್ರ ಕಿರ್ರ್ ಅಂತ ಎಳೆಯಿತು. ಎಡಗೈಯ ಎರಡು ಬೆರಳು ಕ್ಲಚ್ ಮೇಲೇ ಇದ್ದವು. ಟೂ ಸ್ಟ್ರೋಕ್ ಗಾಡಿ ಓಡಿಸುವಾಗ ಬೆರಳು ಅಲ್ಲೇ ಇರಬೇಕು ಅಂತ ಅಪ್ಪ ಕಲಿಸಿದ್ದರು. ಕ್ಲಚ್ ಒತ್ತಿದೆ, ಚಕ್ರ ಬಿಟ್ಟಿತು, ಗಾಡಿ ಪಕ್ಕಕ್ಕೆ ಬಂತು.

"ಏನಾತ್ರಿ?" ಅಂದಳು ಹೆಂಡತಿ. "ಬಿಸಿಯಾಗೇತಿ, ಸ್ವಲ್ಪ ಆರಲಿ" ಅಂದೆ. ಬೇವಿನ ಗಿಡದ ಕೆಳಗೆ ಇಪ್ಪತ್ತು ನಿಮಿಷ ನಿಂತೆವು. ಕಿಕ್ ಹೊಡೆದರೆ ಮೂರನೇ ಸಲಕ್ಕೇ ಶುರುವಾಯಿತು. ನಾನು ಮಾಡಿದ ದೊಡ್ಡ ತಪ್ಪು ಇದೇ. ಅಲ್ಲಿಂದಲೇ ತಳ್ಳಿಕೊಂಡು ಗಿಣಿಗೇರಾಕ್ಕೆ ವಾಪಸ್ ಬಂದಿದ್ದರೆ ಒಂದು ಪಿಸ್ಟನ್, ಒಂದು ಬೋರಿಂಗ್‌ನಲ್ಲಿ ಕೆಲಸ ಮುಗಿಯುತ್ತಿತ್ತು. ಶುರುವಾಯಿತಲ್ಲ ಅಂತ ಮುಂದೆ ಹೊರಟೆ. ಹಿಟ್ನಾಳ ಇನ್ನೂ ಬಂದಿರಲಿಲ್ಲ. ಕೆಳಗಿನಿಂದ ಕಟಕಟ ಅಂತ ಶಬ್ದ ಶುರುವಾಯಿತು. ಐದಾರು ಸೆಕೆಂಡ್ ಇರಬೇಕು. ಆಮೇಲೆ ಸುತ್ತಿಗೆಯಿಂದ ಹೊಡೆದ ಹಾಗೆ ಒಂದೇ ಏಟು. ಎಂಜಿನ್ ನಿಂತಿತು. ಬಗ್ಗಿ ನೋಡಿದರೆ ಎಂಜಿನ್ ಕೇಸಿನ ಮುಂಭಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು. ಅದರೊಳಗಿಂದ ಮುರಿದ ಕನೆಕ್ಟಿಂಗ್ ರಾಡಿನ (ಪಿಸ್ಟನ್ನಿಗೆ ಕೂಡಿದ ದಂಡದ) ತುದಿ ಕಾಣುತ್ತಿತ್ತು.

ಹೆಂಡತಿಗೆ ಏನೂ ಆಗಲಿಲ್ಲ. ಅದನ್ನು ಮೊದಲು ಬರೆಯಬೇಕಿತ್ತು.

ಗಾಡಿ 1979ರದ್ದು, ಯೆಜ್ಡಿ 250. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತಲ್ಲ, ಅಲ್ಲಿಂದ ಬಂದದ್ದು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಅಪ್ಪ ಹೊಸದಾಗಿ ಕೊಂಡಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ತಾಲೂಕು. 1997ರಲ್ಲಿ ಜಿಲ್ಲೆಯಾಯಿತು. ಆರ್‌ಸಿ ಪುಸ್ತಕದಲ್ಲಿ ಈಗಲೂ ರಾಯಚೂರಿನ ಸೀಲು ಇದೆ. ಅಪ್ಪ ಹಳ್ಳಿ ಶಾಲೆಯ ಮಾಸ್ತರರು. ಕುಷ್ಟಗಿ ಕಡೆಯ ಮಣ್ಣಿನ ದಾರಿಯಲ್ಲಿ ಇದೇ ಗಾಡಿಯ ಮೇಲೆ ಇಪ್ಪತ್ತೈದು ವರ್ಷ ಶಾಲೆಗೆ ಹೋಗಿ ಬಂದರು. ಆದ್ದರಿಂದ ಇದನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಬಿಚ್ಚಿದ್ದು

ಟಾಟಾ ಏಸ್‌ನಲ್ಲಿ ಹಾಕಿಕೊಂಡು ಮನೆಗೆ ತಂದೆ. ಮರುದಿನ ನಮ್ಮ ಚಾಚಾ ಬಂದರು. ಚಾಚಾ ಅಂದರೆ ಜಾವಾ, ಯೆಜ್ಡಿ, ರಾಜದೂತ್ ಮೇಲೆ ನಲವತ್ತು ವರ್ಷ ಕೈ ಆಡಿಸಿದ ಹಿರಿಯ ಮಿಸ್ತ್ರಿ. ಈಗ ಅಂಗಡಿ ಮಗನಿಗೆ ಬಿಟ್ಟಿದ್ದಾರೆ. ಕಣ್ಣು ಸ್ವಲ್ಪ ಮಂಜು, ಕೈ ಮಾತ್ರ ಹಾಗೇ ಇದೆ. ತೂತಿನೊಳಗೆ ಬೆರಳು ಹಾಕಿ ಸುತ್ತಲೂ ಆಡಿಸಿ ನೋಡಿದರು. "ಇದು ನಿನ್ನೆ ಒಡದದ್ದಲ್ಲ ನೋಡ್ರಿ ಸರ್ರ. ಭಾಳ ದಿನದಿಂದ ಹೇಳಾಕ ಹತ್ತಿತ್ತು. ನೀವು ಕೇಳಿಲ್ಲ" ಅಂದರು.

ಆ ಮಾತು ನನಗೆ ನಾಟಿತು. ಯಾಕೆಂದರೆ ನಿಜ. ಎರಡು ತಿಂಗಳಿಂದ ಗಾಡಿ ಮೂರು ವಿಷಯ ಹೇಳುತ್ತಿತ್ತು. ಒಂದು, ಬಿಸಿಯಾದ ಮೇಲೆ ರೇಸ್ ಬಿಟ್ಟರೂ ಎಂಜಿನ್ ತಕ್ಷಣ ಸ್ಲೋಗೆ ಇಳಿಯುತ್ತಿರಲಿಲ್ಲ. ನಾಲ್ಕೈದು ಸೆಕೆಂಡ್ ಹಾಗೇ ಓಡಿ ಆಮೇಲೆ ಇಳಿಯುತ್ತಿತ್ತು. ನಾನು ಸ್ಲೋ ಸ್ಕ್ರೂ ಕಮ್ಮಿ ಮಾಡಿದೆ. ಮೂರು ಸಲ ಕಮ್ಮಿ ಮಾಡಿದೆ. ಎರಡು, ಹೊಗೆ ಕಮ್ಮಿಯಾಗಿತ್ತು. ಅದನ್ನು ನೋಡಿ ನನಗೆ ಖುಷಿಯಾಗಿತ್ತು! ಮೂರು, ಏರಿನಲ್ಲಿ ಸಣ್ಣಗೆ ಕಿಣಿಕಿಣಿ ಶಬ್ದ. ಪೆಟ್ರೋಲ್ ಸರಿ ಇಲ್ಲ ಅಂದುಕೊಂಡೆ. ಮೂರಕ್ಕೂ ಕಾರಣ ಒಂದೇ. ಎಂಜಿನ್ ಒಳಗೆ ಎಲ್ಲಿಂದಲೋ ಜಾಸ್ತಿ ಗಾಳಿ ಹೋಗುತ್ತಿತ್ತು.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ (ರಾಡಿನ ಮೇಲೆ ಕೆಳಗಿನ ಓಟದಿಂದ ತಿರುಗುವ ದಂಡ) ಇರುವ ಕೋಣೆಯೂ ಒಂದು ಪಂಪಿನ ಹಾಗೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಆ ಕೋಣೆ ಕಾರ್ಬ್ಯುರೇಟರ್‌ನಿಂದ ಗಾಳಿ, ಪೆಟ್ರೋಲ್, ಎಣ್ಣೆ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಹಾಗಾಗಿ ಕೋಣೆ ಗಾಳಿ ಆಡದ ಹಾಗೆ ಬಿಗಿಯಾಗಿರಬೇಕು. ಕ್ರ್ಯಾಂಕಿನ ಎರಡು ತುದಿಗೆ ಆಯಿಲ್ ಸೀಲ್ ಅನ್ನುವ ಎರಡು ರಬ್ಬರ್ ಬಳೆ ಇರುತ್ತವೆ. ಎಡಗಡೆಯ ಸೀಲ್ ಹೋದರೆ ಪ್ರೈಮರಿ ಚೈನ್ (ಕ್ರ್ಯಾಂಕಿನಿಂದ ಕ್ಲಚ್‌ಗೆ ಹೋಗುವ ಚೈನ್) ಕಡೆಯ ಗೇರ್ ಆಯಿಲ್ ಒಳಗೆ ಬರುತ್ತದೆ. ಆಗ ಬಿಳಿ ಹೊಗೆ ಹೊಗೆ, ಊರಿಗೆಲ್ಲ ಗೊತ್ತಾಗುತ್ತದೆ. ಬಲಗಡೆ, ಅಂದರೆ ಡೈನಮೊ ಹಿಂದಿನ ಸೀಲ್ ಹೋದರೆ ಒಳಗೆ ಬರುವುದು ಬರೀ ಗಾಳಿ. ಹೊಗೆ ಇಲ್ಲ, ಸದ್ದಿಲ್ಲ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಈ ಗಾಡಿಯಲ್ಲಿ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಪೆಟ್ರೋಲ್ ಕಮ್ಮಿ ಅಂದರೆ ಎಣ್ಣೆಯೂ ಕಮ್ಮಿ.

ಗೇರ್ ಆಯಿಲ್ ಅಳತೆ ನೋಡಿದೆವು. ಸರಿಯಾಗಿತ್ತು. ಅಂದರೆ ಎಡ ಸೀಲ್ ತಪ್ಪಿಲ್ಲ. ಬಲಗಡೆ ಡೈನಮೊ ಕವರ್ ತೆಗೆದು, ಆರ್ಮೇಚರ್ ಎಳೆದು ತೆಗೆದರೆ ಹಿಂದೆ ಕಪ್ಪಗೆ ಜಿಡ್ಡು ಚಿಮ್ಮಿದ ಗುರುತು. ಆ ಜಾಗ ಒಣಗಿರಬೇಕು. ಚಾಚಾ ಸೀಲನ್ನು ಕಿತ್ತು ನನ್ನ ಕೈಗೆ ಇಟ್ಟರು. ತುಟಿ ಗಟ್ಟಿಯಾಗಿ ಪ್ಲಾಸ್ಟಿಕ್‌ನಂತಾಗಿತ್ತು. ಉಗುರಿನಿಂದ ಒತ್ತಿದರೆ ಬಗ್ಗಲಿಲ್ಲ, ಸೀಳಿತು.

ಆ ಸೀಲನ್ನು ಮೂರು ವರ್ಷದ ಹಿಂದೆ ನಾನೇ ಹಾಕಿದ್ದು. ಹಳೇ ಪ್ಯಾಕೆಟ್, ಒಡೆಯದ ಸ್ಟಾಕ್ ಅಂತ ಹುಡುಕಿ ಜಾಸ್ತಿ ದುಡ್ಡು ಕೊಟ್ಟು ತಂದಿದ್ದೆ. ಹಳೇ ಗಾಡಿಯವರಿಗೆಲ್ಲ ಈ ಆಸೆ ಇರುತ್ತದೆ. ಗೇರ್, ಸ್ಪ್ರಾಕೆಟ್, ಕ್ರ್ಯಾಂಕ್ ವೀಲ್ ಹಳೇ ಪ್ಯಾಕೆಟ್‌ನಲ್ಲಿ ಸಿಕ್ಕರೆ ಬಂಗಾರ. ಆದರೆ ರಬ್ಬರ್ ಡಬ್ಬಿಯಲ್ಲಿ ಇದ್ದರೂ ಮುದಿಯಾಗುತ್ತದೆ. ಅದರ ಮೇಲೆ ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್. ಎಥನಾಲ್ ಹಳೇ ತರದ ರಬ್ಬರಿಗೆ ಒಗ್ಗುವುದಿಲ್ಲ. ಅದರಲ್ಲಿ ಆಮ್ಲಜನಕ ಇರುವುದರಿಂದ ಕಾರ್ಬ್ಯುರೇಟರಿನಲ್ಲಿ ಹಳೇ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಸ್ಕ್ರೂ) ಇದ್ದರೆ ಮಿಶ್ರಣ ಇನ್ನೂ ತೆಳ್ಳಗಾಗುತ್ತದೆ. ಎಥನಾಲ್ ಒಂದೇ ನನ್ನ ಎಂಜಿನ್ ಒಡೆಯಿತು ಅಂತ ನಾನು ಹೇಳುವುದಿಲ್ಲ. ಬಿರುಕು ಬಿಟ್ಟ ಸೀಲ್‌ಗೆ ಅದೂ ಸೇರಿಕೊಂಡಿತು.

ಸೈಲೆನ್ಸರ್ ರಿಂಗ್ ನಟ್ಟಿಗೆ ಕೊಕ್ಕೆ ಪಾನಾ ಹಾಕಿ ಬಿಚ್ಚಿದೆವು. ಹೆಡ್ ತೆಗೆದೆವು. ಪಿಸ್ಟನ್ ತಲೆ ಬೂದಿ ಬಣ್ಣಕ್ಕೆ ತಿರುಗಿತ್ತು. ಚೆನ್ನಾಗಿ ಓಡುವ ಎಂಜಿನ್‌ನಲ್ಲಿ ಅಲ್ಲಿ ಕಂದು ಬಣ್ಣ, ಜಿಡ್ಡಿನ ತೊಳೆದ ಗುರುತು ಇರುತ್ತದೆ. ಸೈಲೆನ್ಸರ್ ಕಡೆಯ ಮೈಯಲ್ಲಿ ಅಲ್ಯೂಮಿನಿಯಂ ಕರಗಿ ಬೋರಿಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿತ್ತು. ಮೊದಲ ಸಲ ಬಿಗಿ ಹಿಡಿದದ್ದು ಅಲ್ಲೇ. ರಾಡ್ ತುಂಡಾದದ್ದು ಕೆಳಗಿನ ಕಣ್ಣಿನ (ಕ್ರ್ಯಾಂಕಿಗೆ ಕೂಡುವ ತೂತಿನ) ಸ್ವಲ್ಪ ಮೇಲೆ. ಆ ಕಣ್ಣು ನೀಲಿಯಾಗಿತ್ತು. ರೋಲರ್‌ಗಳು ದುಂಡಗೆ ಉಳಿದಿರಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಈ ಎಂಜಿನ್ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಪಿಸ್ಟನ್‌ಗೂ ಬೋರಿಗೂ ನಡುವೆ ನಾವು ಬಿಡುವ ಜಾಗ ಸುಮಾರು ಮೂರು ಥೌ (ಇಂಚಿನ ಸಾವಿರ ಭಾಗದಲ್ಲಿ ಮೂರು), ಅಂದರೆ 0.07 ಚಿಲ್ಲರೆ ಮಿ.ಮೀ. ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರಿನ ಬೀಡು ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. 65 ಮಿ.ಮೀ. ಪಿಸ್ಟನ್ ಐವತ್ತು ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.07 ಮಿ.ಮೀ. ದಪ್ಪವಾಗುತ್ತದೆ. ಸಿಲಿಂಡರ್ ಅಷ್ಟು ಬೇಗ ಬಿಸಿಯಾಗದಿದ್ದರೆ ಜಾಗ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಬೇಸಿಗೆಯ ನಲವತ್ತು ಡಿಗ್ರಿ ಬಿಸಿಲು, ಇಬ್ಬರ ಭಾರ, ತೆಳ್ಳನೆ ಮಿಶ್ರಣ. ಐವತ್ತು ಡಿಗ್ರಿ ಏನು ದೊಡ್ಡದಲ್ಲ.

ಬಿಗಿ ಹಿಡಿದಾಗ ಕ್ರ್ಯಾಂಕ್ ತಿರುಗಲು ನೋಡುತ್ತದೆ, ಪಿಸ್ಟನ್ ಬಿಡುವುದಿಲ್ಲ. ಆ ಜಗ್ಗಾಟವೆಲ್ಲ ರಾಡಿನ ಮೇಲೆ ಬಂತು. ಎಣ್ಣೆ ಇಲ್ಲದೆ ಮೊದಲೇ ನೊಂದಿದ್ದ ಕೆಳಗಿನ ಬೇರಿಂಗ್ ಪೂರ್ತಿ ಕೆಟ್ಟಿತು. ಇಪ್ಪತ್ತು ನಿಮಿಷದ ನಂತರ ನಾನು ಅದೇ ರಾಡಿನ ಮೇಲೆ ಮತ್ತೆ ಓಡಿಸಿದೆ. 4,500 ಆರ್‌ಪಿಎಂ ಅಂದರೆ ಸೆಕೆಂಡಿಗೆ 75 ಸುತ್ತು. ಅಂತಹ ವೇಗದಲ್ಲಿ ಮುರಿದ ರಾಡಿನ ತುಂಡು ಕೇಸಿನ ಗೋಡೆಗೆ ಬಡಿದಿದೆ.

ಕೇಸ್: ವೆಲ್ಡಿಂಗೋ, ಬೇರೆಯದೋ

ಸ್ನೇಹಿತರೊಬ್ಬರು ಹಳೇ ಕೇಸ್ ಒಂದು ಜೊತೆ ಕೊಡಿಸುತ್ತೇನೆ ಅಂದರು. ಯೋಚನೆ ಮಾಡಿ ಬೇಡ ಅಂದೆ. ಎಂಜಿನ್ ನಂಬರ್ ಕೇಸಿನ ಮೇಲೇ ಇರುತ್ತದೆ. ಕೇಸ್ ಬದಲಾದರೆ ಆರ್‌ಟಿಓದಲ್ಲಿ ಆರ್‌ಸಿ ತಿದ್ದಿಸಬೇಕು. ಅದು ಕಾಗದದ ಮಾತಾಯಿತು. ಅಪ್ಪನ ಗಾಡಿಯ ನಂಬರ್ ಹೋಗುವುದು ನನಗೆ ಬೇಡವಾಗಿತ್ತು, ಅದೇ ನಿಜವಾದ ಕಾರಣ. ಎರಡು ಬೇರೆ ಬೇರೆ ಎಂಜಿನ್‌ಗಳಿಂದ ಒಂದೊಂದು ಅರ್ಧ ತಂದು ಜೋಡಿಸುವುದಂತೂ ಆಗದ ಮಾತು. ಎರಡು ಅರ್ಧಗಳನ್ನು ಕೂಡಿಸಿಯೇ ಬೇರಿಂಗ್ ತೂತು ಕೊರೆದಿರುತ್ತಾರೆ. ಜೋಡಿ ತಪ್ಪಿದರೆ ಕ್ರ್ಯಾಂಕ್ ಸೊಟ್ಟ ಕೂರುತ್ತದೆ.

ಆರ್ಗಾನ್ ವೆಲ್ಡಿಂಗ್‌ಗೆ ಕೊಟ್ಟೆ. ಕೊಡುವ ಮೊದಲು ಮಾಡಿದ ಕೆಲಸವೇ ಜಾಸ್ತಿ. ನಲವತ್ತು ವರ್ಷ ಎಣ್ಣೆ ಕುಡಿದ ಅಲ್ಯೂಮಿನಿಯಂ ಅದು. ಸೀಮೆಎಣ್ಣೆ, ಸೋಪಿನ ನೀರು, ಮತ್ತೆ ಸೀಮೆಎಣ್ಣೆ. ಆಮೇಲೆ ಒಲೆಯ ಮೇಲೆ ಕಾಯಿಸಿದರೆ ತೂತಿನ ಸುತ್ತ ಎಣ್ಣೆ ಬೆವರಿನ ಹಾಗೆ ಹೊರಗೆ ಬಂತು. ಒರೆಸಿ ಮತ್ತೆ ಕಾಯಿಸಿದೆ. ನಾಲ್ಕು ಸಲ. ಬಿರುಕಿನ ತುದಿ ಎಲ್ಲಿದೆ ಅಂತ ನೋಡಲು ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದೆವು. ಬಿರುಕಿನಲ್ಲಿ ಉಳಿದ ಸೀಮೆಎಣ್ಣೆ ಸುಣ್ಣದಲ್ಲಿ ಗೆರೆಯಾಗಿ ಎದ್ದು ಕಂಡಿತು. ಕಣ್ಣಿಗೆ ಕಂಡದ್ದಕ್ಕಿಂತ ಒಂದು ಇಂಚು ಉದ್ದ ಇತ್ತು. ಅದರ ತುದಿಗೆ ಸಣ್ಣ ತೂತು ಕೊರೆದೆವು, ಮುಂದೆ ಹರಿಯಬಾರದು ಅಂತ.

ವೆಲ್ಡ್ ಮಾಡುವಾಗ ಎರಡೂ ಅರ್ಧ ಕೂಡಿಸಿ, ಹಳೇ ಬೇರಿಂಗ್ ಒಳಗೇ ಇಟ್ಟು, ಬೋಲ್ಟ್ ಬಿಗಿದೇ ಇರಬೇಕು ಅಂತ ಚಾಚಾ ಹೇಳಿದರು. ಕಾದ ಕೇಸ್ ಬಿಡಿಯಾಗಿದ್ದರೆ ಸೊಟ್ಟ ಹೋಗುತ್ತದೆ. ಇಷ್ಟು ಮಾಡಿಯೂ ಒಂದು ಅರ್ಧ ಸ್ವಲ್ಪ ಬಾಗಿತ್ತು. ದಪ್ಪ ಗಾಜಿನ ಮೇಲೆ ಇಟ್ಟು ಫೀಲರ್ (ಸಂದು ಅಳೆಯುವ ತೆಳು ಎಲೆಗಳು) ಹಾಕಿದರೆ 0.10 ಮಿ.ಮೀ. ಎಲೆ ಹೋಯಿತು. ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ, ಎಣ್ಣೆ ಹಾಕಿ, ಎಂಟರ ಅಂಕಿಯ ಹಾಗೆ ಕೈ ತಿರುಗಿಸುತ್ತಾ ಉಜ್ಜಿದೆ. ಎರಡು ಸಂಜೆ ಹಿಡಿಯಿತು.

ಬಳ್ಳಾರಿ

ಕ್ರ್ಯಾಂಕ್ ಕೆಲಸ ಕೊಪ್ಪಳದಲ್ಲಿ ಆಗಲಿಲ್ಲ. ಪ್ರೆಸ್ ಇದ್ದ ಕಡೆ ಡಯಲ್ (ಸಣ್ಣ ವ್ಯತ್ಯಾಸ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇರಲಿಲ್ಲ, ಡಯಲ್ ಇದ್ದ ಕಡೆ ಯೆಜ್ಡಿ ಕೆಲಸ ಬೇಡ ಅಂದರು. ಅಕ್ಕಿ ಚೀಲದಲ್ಲಿ ಕ್ರ್ಯಾಂಕ್ ಸುತ್ತಿ, ಇನ್ನೊಂದು ಚೀಲದಲ್ಲಿ ಸಿಲಿಂಡರ್ ಇಟ್ಟುಕೊಂಡು ರೈಲು ಹತ್ತಿ ಬಳ್ಳಾರಿಗೆ ಹೋದೆ. ಸಂಡೂರು ಕಡೆಯ ಅದಿರು ಲಾರಿಗಳ ದಯೆಯಿಂದ ಬಳ್ಳಾರಿಯಲ್ಲಿ ಲೇತ್, ಬೋರಿಂಗ್ ಕೆಲಸ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಲಾರಿ ಎಂಜಿನ್ ಬ್ಲಾಕ್‌ಗಳ ಸಾಲಿನಲ್ಲಿ ನನ್ನ ಸಿಲಿಂಡರ್ ಮಗುವಿನ ಚೊಂಬಿನ ಹಾಗೆ ಕಂಡಿತು.

ಅಲ್ಲಿನ ಲೇತ್ ಯಜಮಾನರು ಬಿಚ್ಚುವ ಮೊದಲು ಎರಡೂ ಕ್ರ್ಯಾಂಕ್ ವೀಲ್‌ಗಳ ಅಂಚಿಗೆ ಅಡ್ಡಲಾಗಿ ಒಂದು ಗೆರೆ ಗೀಚಿದರು. ಮತ್ತೆ ಒತ್ತುವಾಗ ಆ ಗೆರೆ ಕೂಡಬೇಕು. ಹೊಸ ರಾಡ್, ಪಿನ್, ರೋಲರ್ ಹಾಕಿ ಪ್ರೆಸ್‌ನಲ್ಲಿ ಒತ್ತಿ, ಎರಡು ಸೆಂಟರ್ ನಡುವೆ ಕೂರಿಸಿ ಡಯಲ್ ಹಚ್ಚಿದರು. ಮೊದಲು ತೋರಿಸಿದ್ದು 0.18 ಮಿ.ಮೀ. ತಾಮ್ರದ ಸುತ್ತಿಗೆಯಿಂದ ಒಂದು ಏಟು, ನೋಡುವುದು, ಇನ್ನೊಂದು ಏಟು. ಎಲ್ಲಿ, ಎಷ್ಟು ಜೋರಾಗಿ ಹೊಡೆಯಬೇಕು ಅನ್ನುವುದು ಅವರ ಕೈಗೆ ಗೊತ್ತು. ಮುಕ್ಕಾಲು ಗಂಟೆ ನಾನು ಉಸಿರು ಬಿಗಿಹಿಡಿದು ನೋಡಿದೆ. ಕೊನೆಗೆ 0.03ಕ್ಕೆ ಬಂತು. "ಇನ್ನ ಸಾಕ್ರಿ. ಇದಕ್ಕಿಂತ ಆಸೆ ಮಾಡಿದ್ರ ಮತ್ತ ಹೋಗ್ತೈತಿ" ಅಂದರು. ಕೂಲಿ ಎರಡು ಸಾವಿರ ತಗೊಂಡರು. ಆ ಕೆಲಸಕ್ಕೆ ಅದು ಕಮ್ಮಿ ಅಂತಲೇ ನನಗನಿಸುತ್ತದೆ.

ಸಿಲಿಂಡರ್ ಆಗಲೇ 66 ಮಿ.ಮೀ.ವರೆಗೆ ಬೋರ್ ಆಗಿತ್ತು. ಕೆಳಗಿನ ಅಂಚೂ ಮುರಿದಿತ್ತು. ಹೊಸ ಸ್ಲೀವ್ ಹಾಕಿ 65ಕ್ಕೆ ವಾಪಸ್ ತರುವುದೇ ದಾರಿ. ಟೂ ಸ್ಟ್ರೋಕ್‌ಗೆ ಸ್ಲೀವ್ ಹಾಕಿಸುವವರು ಒಂದು ವಿಷಯ ನೆನಪಿಡಿ. ಸ್ಲೀವ್ ಬರೀ ಕೊಳವೆ. ಅದರಲ್ಲಿ ಗಾಳಿ, ಹೊಗೆ ಹಾಯುವ ಪೋರ್ಟ್ ಕಿಟಕಿಗಳನ್ನು ಹೊಸದಾಗಿ ಕತ್ತರಿಸಬೇಕು. ಹಳೇ ಅಳತೆ ಇಲ್ಲದಿದ್ದರೆ ಅಂದಾಜಿನ ಮೇಲೆ ಕತ್ತರಿಸುತ್ತಾರೆ, ಗಾಡಿಯ ಗುಣವೇ ಬದಲಾಗುತ್ತದೆ. ನಾನು ಕೊಡುವ ಮೊದಲು ಬಿಳಿ ಹಾಳೆ ಸುರುಳಿ ಮಾಡಿ ಬೋರಿನೊಳಗೆ ಒತ್ತಿಟ್ಟು, ಪೋರ್ಟ್ ಅಂಚಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿದ್ದೆ. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. ಹಾಳೆಯ ಮೇಲಂಚು ಸಿಲಿಂಡರಿನ ಮೇಲಂಚಿಗೆ ಸರಿಯಾಗಿ ಕೂಡಿರಬೇಕು.

ವಾರ ಬಿಟ್ಟು ಸಿಲಿಂಡರ್ ತರಲು ಹೋದಾಗ ಅಲ್ಲೇ ಹಾಳೆ ಇಟ್ಟು ನೋಡಿದೆ. ಎಕ್ಸಾಸ್ಟ್ ಕಿಟಕಿಯ ಮೇಲಂಚು ಒಂದೂವರೆ ಮಿ.ಮೀ. ಕೆಳಗಿತ್ತು. ಹಾಗೇ ಹಾಕಿದ್ದರೆ ಗಾಡಿ ಉಸಿರು ಕಟ್ಟಿದ ಹಾಗೆ ಓಡುತ್ತಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಕೂತು ತಿದ್ದಿಕೊಟ್ಟರು. ಅಂಚುಗಳನ್ನು ಅರದಿಂದ ಸ್ವಲ್ಪ ಇಳಿಜಾರು ಮಾಡುವುದನ್ನು ನಾನೇ ಮಾಡಿದೆ. ಚೂಪು ಅಂಚು ಬಿಟ್ಟರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ. ಅಂಗಡಿಯಿಂದ ಹೊರಗೆ ಬಂದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಸಂಜೆ ರೈಲಿಗೆ ವಾಪಸ್ ಬಂದೆ.

ಅವ್ವನ ಬಿಪಿ ಮೆಷಿನ್

ಈ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನಿಸುವ ಭಾಗ ಇದು. ಹೊಸ ಪಿಸ್ಟನ್, ಹೊಸ ರಾಡ್ ಹಾಕಿದರೆ ಎಂಜಿನ್ ಶುರುವಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಗಾಳಿ ಸೋರುವುದು ನಿಂತಿದೆಯೋ ಇಲ್ಲವೋ ಅಂತ ನೋಡದೆ ಓಡಿಸಿದರೆ, ಮುಂದಿನ ಬೇಸಿಗೆಗೆ ಅದೇ ಬೇವಿನ ಗಿಡದ ಕೆಳಗೆ ನಿಂತಿರುತ್ತೇನೆ. ಈಗಂತೂ ಸೀಲ್ ಜೊತೆಗೆ ವೆಲ್ಡಿಂಗ್ ಬೇರೆ ಇದೆ.

ಸೀಲ್ ಈ ಸಲ ಬೇರಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ತಂದೆ. ಒಳಸುತ್ತು, ಹೊರಸುತ್ತು, ದಪ್ಪ. ಮೂರು ನಂಬರ್ ಸಾಕು, ಗಾಡಿಯ ಹೆಸರು ಬೇಕಿಲ್ಲ. ವೈಟನ್ ರಬ್ಬರಿನದು, ಕಂದು ಬಣ್ಣದ್ದು. ಬಿಸಿಗೂ ಎಥನಾಲಿಗೂ ತಡೆಯುತ್ತದೆ. ಹಳೇ ಸೀಲ್ ಕ್ರ್ಯಾಂಕ್ ಶಾಫ್ಟಿನ ಮೇಲೆ ಸಣ್ಣ ಗೆರೆ ಕೊರೆದಿತ್ತು. ಹೊಸದನ್ನು ಒಂದು ಮಿ.ಮೀ. ಒಳಗೆ ಕೂರಿಸಿದೆವು, ತುಟಿ ಹೊಸ ಜಾಗದ ಮೇಲೆ ಕೂರಲಿ ಅಂತ. ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್ ಕೋಣೆಯ ಕಡೆಗಿರಬೇಕು.

ಮುಖ್ಯ ಬೇರಿಂಗ್‌ಗಳು ಸಿ3 ಗುರುತಿನವು, ಬಿಸಿಯಾದಾಗ ಬಿಗಿಯಾಗದ ಹಾಗೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ ಇರುವಂಥವು. ರಾತ್ರಿ ಫ್ರಿಜ್‌ನ ಐಸ್ ಖಾನೆಯಲ್ಲಿಟ್ಟೆ. ಬೆಳಿಗ್ಗೆ ಕೇಸನ್ನು ಗ್ಯಾಸ್ ಒಲೆಯ ಮೇಲೆ, ದೋಸೆ ಹಂಚಿಟ್ಟು, ನೀರಿನ ಹನಿ ಚುರ್ ಅನ್ನುವ ತನಕ ಕಾಯಿಸಿದೆ. ಬೇರಿಂಗ್ ಕೈಯಿಂದ ಬಿಟ್ಟರೆ ಟಕ್ ಅಂತ ಕೂತಿತು. ಸುತ್ತಿಗೆ ಮುಟ್ಟಲಿಲ್ಲ.

ಕೇಸ್, ಸಿಲಿಂಡರ್, ಹೆಡ್ ಜೋಡಿಸಿದ ಮೇಲೆ ಪರೀಕ್ಷೆ. ಅವ್ವನಿಗೆ ಮೊದಲು ಬಿಪಿ ನೋಡುತ್ತಿದ್ದ, ಕೈಯಿಂದ ಗಾಳಿ ಒತ್ತುವ ಹಳೇ ಮೆಷಿನ್ ಅಟ್ಟದ ಮೇಲಿತ್ತು. ಅದರ ಮುಳ್ಳು 300ರವರೆಗೆ ಹೋಗುತ್ತದೆ. 250 ಅಂದರೆ ಹತ್ತಿರ ಹತ್ತಿರ 5 ಪಿಎಸ್‌ಐ. ಟೂ ಸ್ಟ್ರೋಕ್ ಎಂಜಿನ್ ಪರೀಕ್ಷೆಗೆ ಇಷ್ಟೇ ಬೇಕು. ಜಾಸ್ತಿ ಒತ್ತಿದರೆ ಸೀಲೇ ಹೊರಗೆ ಬರುತ್ತದೆ, ಕಂಪ್ರೆಸರ್ ಹಚ್ಚಬೇಡಿ.

ಕಾರ್ಬ್ಯುರೇಟರ್ ಕೂರುವ ಮುಖಕ್ಕೆ ಲಾರಿ ಟ್ಯೂಬಿನ ತುಂಡು ಇಟ್ಟು ಕಬ್ಬಿಣದ ಪಟ್ಟಿ ಬಿಗಿದೆ. ಎರಡು ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬುಷ್ ತೂರಿಸಿದ ಬೋಲ್ಟ್. ನಟ್ ಬಿಗಿದರೆ ರಬ್ಬರ್ ಉಬ್ಬಿ ಬಾಯಿ ಮುಚ್ಚುತ್ತದೆ. ಹಳೇ ಸ್ಪಾರ್ಕ್ ಪ್ಲಗ್ ಒಂದರ ಪಿಂಗಾಣಿ ಒಡೆದು ತೆಗೆದು, ಅದರಲ್ಲಿ ತಾಮ್ರದ ನಳಿಗೆ ಕೂರಿಸಿ ಬೆಸುಗೆ ಹಾಕಿ, ಬಿಪಿ ಮೆಷಿನ್ ಪೈಪ್ ಜೋಡಿಸಿದೆ. ಪಿಸ್ಟನ್ ಪೂರ್ತಿ ಕೆಳಗಿರಬೇಕು. ಆಗ ಟ್ರಾನ್ಸ್‌ಫರ್ ಕಿಟಕಿ ತೆರೆದು, ಪ್ಲಗ್ ಕಡೆಯಿಂದ ಒತ್ತಿದ ಗಾಳಿ ಕ್ರ್ಯಾಂಕ್ ಕೋಣೆಗೂ ಹೋಗುತ್ತದೆ.

ಬಲ್ಬ್ ಒತ್ತಿ 250ಕ್ಕೆ ಏರಿಸಿದೆ. ಒಂದು ನಿಮಿಷದಲ್ಲಿ 170ಕ್ಕೆ ಇಳಿಯಿತು. ಚಾಚಾ ಸೋಪಿನ ನೀರು ಬ್ರಶ್‌ನಿಂದ ಬಳಿಯುತ್ತಾ ಹೋದರು. ಡೈನಮೊ ಸೀಲ್ ಹತ್ತಿರ ಏನೂ ಇಲ್ಲ. ಸಿಲಿಂಡರ್ ಬುಡದ ಪ್ಯಾಕಿಂಗ್‌ನಲ್ಲಿ ಏನೂ ಇಲ್ಲ. ವೆಲ್ಡಿಂಗ್ ಮೇಲೆ ಬಳಿದ ತಕ್ಷಣ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಮೂರು ಕಡೆ. ಕಣ್ಣಿಗೆ ಕಾಣದ ಸೂಜಿ ತೂತುಗಳು.

ಇಲ್ಲಿ ನನಗೂ ಚಾಚಾಗೂ ಅಭಿಪ್ರಾಯ ಕೂಡಲಿಲ್ಲ. ಅವರು ಹೊರಗಿನಿಂದ ಎಂ-ಸೀಲ್ ಹಚ್ಚಿಬಿಡೋಣ ಅಂದರು. ಹಿಂದೆ ಎಷ್ಟೋ ಎಂಜಿನ್‌ಗೆ ಹಾಗೆ ಮಾಡಿದ್ದಾರೆ, ಓಡಿವೆ ಕೂಡ. ನನಗೆ ಮನಸ್ಸು ಒಪ್ಪಲಿಲ್ಲ. ಹಿಂದೆ ಕುಳಿತವಳ ನೆನಪು ಬರುತ್ತಿತ್ತು. "ಚಾಚಾ, ಮತ್ತ ಬಿಚ್ಚೋಣ್ರಿ" ಅಂದೆ. ಅವರು ಒಂದು ಗಳಿಗೆ ಸುಮ್ನೆ ಕೂತರು. ಆಮೇಲೆ ಪಾನಾ ಎತ್ತಿಕೊಂಡರು. "ಬಿಚ್ಚೋದಕ್ಕ ನನಗೇನು ತ್ರಾಸಿಲ್ರಿ" ಅಂದರು.

ಪೂರ್ತಿ ಬಿಚ್ಚಿ, ವೆಲ್ಡ್ ಕೆರೆದು ಮತ್ತೆ ಮಾಡಿಸಿ, ಮುಖ ಮತ್ತೆ ಉಜ್ಜಿ, ಜೋಡಿಸಲು ಹದಿನೆಂಟು ದಿನ ಹಿಡಿಯಿತು. ಎರಡನೇ ಪರೀಕ್ಷೆಯಲ್ಲಿ ವೆಲ್ಡಿಂಗ್ ಸರಿ, ಬುಡದ ಪ್ಯಾಕಿಂಗ್ ಒಂದು ಮೂಲೆಯಲ್ಲಿ ಗುಳ್ಳೆ ಬಂತು. ನಾನೇ ಹಾಳೆಯಿಂದ ಕತ್ತರಿಸಿದ್ದ ಪ್ಯಾಕಿಂಗ್, ಒಂದು ಕಡೆ ಕಿರಿದಾಗಿತ್ತು. ಬದಲಿಸಿದೆ. ಮೂರನೇ ಸಲ 250ರಿಂದ ಆರು ನಿಮಿಷಕ್ಕೆ 245. ಅವ್ವ ಪಡಸಾಲೆಯಿಂದ "ಎಷ್ಟೈತೋ ಅದರ ಬಿಪಿ?" ಅಂತ ಕೇಳಿದಳು. "ಸರಿ ಐತಿ ಯವ್ವಾ" ಅಂದೆ. ಆ ದಿನ ನನಗೆ ಆದ ಸಮಾಧಾನ ಎಂಜಿನ್ ಶುರುವಾದ ದಿನವೂ ಆಗಲಿಲ್ಲ.

ಶುರು

ಉಳಿದದ್ದು ಬೇಗ ಹೇಳುತ್ತೇನೆ. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ. ರಿಂಗ್ ಬಾಯಿ ಪಿಸ್ಟನ್‌ನಲ್ಲಿರುವ ಮೊಳೆಗೆ ಕೂಡಬೇಕು. ಕಿಡಿ ಹೊಡೆಸುವ ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಟೈಮಿಂಗ್‌ ಅಂದಾಜಿನಲ್ಲಿ ಇಡಲಿಲ್ಲ, ಪ್ಲಗ್ ತೂತಿನಲ್ಲಿ ಡಯಲ್ ಇಟ್ಟು ಮ್ಯಾನುಯಲ್ ಪುಸ್ತಕದ ಅಳತೆಗೆ ತಂದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ, ಈಗಿನ ಪೆಟ್ರೋಲಿಗಾಗಿ. ಸೈಲೆನ್ಸರ್ ಎರಡನ್ನೂ ತಲೆಕೆಳಗು ಮಾಡಿ ಬಡಿದರೆ ಹಳೇ ಪಿಸ್ಟನ್ ಚೂರು ಉದುರಿದವು. ಇದನ್ನು ಬಿಡಬಾರದು.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಪೆಟ್ರೋಲ್ ತೆರೆದು, ಕಾರ್ಬ್ಯುರೇಟರ್ ಟಿಕ್ಲರ್ ಒತ್ತಿ, ಲಿವರ್ ಒಳಗೆ ಒತ್ತಿ ತಿರುಗಿಸಿ ಕಿಕ್ ಹೊಡೆದೆ. ಐದನೇ ಕಿಕ್‌ಗೆ ಎರಡೂ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂತು. ಆ ಹೊಗೆಯನ್ನು ನೋಡಿ ಚಾಚಾ ತಲೆ ಆಡಿಸಿದರು.

ಮೊದಲ 500 ಕಿ.ಮೀ. ಲೀಟರ್‌ಗೆ 50 ಮಿ.ಲೀ. ಎಣ್ಣೆ, ಆಮೇಲೆ 40. ವೇಗ 50 ದಾಟಲಿಲ್ಲ. ಒಂದೇ ವೇಗದಲ್ಲೂ ಬಹಳ ಹೊತ್ತು ಓಡಿಸಲಿಲ್ಲ. ಇಳಿಜಾರಿನಲ್ಲಿ ರೇಸ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಡಲಿಲ್ಲ. ರೇಸ್ ಮುಚ್ಚಿದರೆ ಪೆಟ್ರೋಲ್ ಇಲ್ಲ, ಪೆಟ್ರೋಲ್ ಇಲ್ಲದಿದ್ದರೆ ಎಣ್ಣೆಯೂ ಇಲ್ಲ, ಚಕ್ರ ಮಾತ್ರ ಎಂಜಿನ್ ತಿರುಗಿಸುತ್ತಿರುತ್ತದೆ. 500 ಆದ ಮೇಲೆ ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿ ಪಿಸ್ಟನ್ ಮೈ ನೋಡಿದೆ. ಗೀರಿಲ್ಲ. ಪ್ಲಗ್ ಕಂದು ಬಣ್ಣ.

ಒಟ್ಟು ಖರ್ಚು ಹದಿನೇಳು ಸಾವಿರದ ಮೇಲಾಯಿತು. ಚಾಚಾ ಕೂಲಿ ಅಂತ ಏನೂ ತಗೊಳ್ಳಲಿಲ್ಲ. ಅಪ್ಪನ ಹತ್ತಿರ ಅವರ ಮಗ ಓದಿದ್ದನಂತೆ. ಅವರಿಗೆ ಹೊಸ ಕನ್ನಡಕ ಮಾಡಿಸಿಕೊಟ್ಟೆ, ಅದನ್ನು ಮಾತ್ರ ಬೇಡ ಅನ್ನಲಿಲ್ಲ.

ಈಗ ಸ್ಲೋ ಸ್ಕ್ರೂ ತಿರುಗಿಸುವ ಮೊದಲು ಒಂದು ಕೆಲಸ ಮಾಡುತ್ತೇನೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಡೈನಮೊ ಕವರ್ ತೆಗೆದು, ಸ್ಲೋದಲ್ಲಿ ಓಡುವಾಗ, ಕಾರ್ಬ್ಯುರೇಟರ್ ಮತ್ತು ಸಿಲಿಂಡರ್ ಕೂಡುವ ಕಡೆ ಸೋಪಿನ ನೀರು ಸ್ವಲ್ಪ ಬಳಿದು ಕಿವಿಗೊಡುತ್ತೇನೆ. ನೀರು ತಾಗಿದಾಗ ಸದ್ದು ಬದಲಾದರೆ ಅಲ್ಲಿ ಗಾಳಿ ಹೋಗುತ್ತಿದೆ. ಡೈನಮೊ ಹಿಂದೆ ಬೆರಳು ತೂರಿಸಿ ನೋಡುವುದು ಎಂಜಿನ್ ನಿಲ್ಲಿಸಿದ ಮೇಲೆ. ಒಣಗಿದ್ದರೆ ಸರಿ. ಎರಡು ನಿಮಿಷದ ಕೆಲಸ.

ಕಳೆದ ಹುಣ್ಣಿಮೆಗೆ ಮತ್ತೆ ಇಬ್ಬರೂ ಹುಲಿಗಿಗೆ ಹೋದೆವು. ಆ ಬೇವಿನ ಗಿಡದ ಹತ್ತಿರ ಬಂದಾಗ ಹೆಂಡತಿಯ ಕೈ ನನ್ನ ಭುಜವನ್ನು ಸ್ವಲ್ಪ ಬಿಗಿ ಹಿಡಿಯಿತು. ಎರಡು ಬೆರಳು ಕ್ಲಚ್ ಮೇಲೇ ಇದ್ದವು. ಹಿಟ್ನಾಳ ದಾಟಿತು. ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ನ್ಯೂಟ್ರಲ್ ಮಾಡಿ ರೇಸ್ ಬಿಟ್ಟೆ. ಎಂಜಿನ್ ತಕ್ಷಣ ಸ್ಲೋಗೆ ಇಳಿಯಿತು. ಅವಳು ಇಳಿದು ಹಣ್ಣು ಕಾಯಿ ತರಲು ಹೋದಳು. ನಾನು ಬಂದ್ ಮಾಡದೆ ಇನ್ನೊಂದು ನಿಮಿಷ ಕೂತು ಕೇಳಿದೆ.